ದೀಪಕ್ಕೆ ಗುರ್ತ ಇಲ್ಲದ ಗಾಳಿ

ಬಾವಿ ತೋಡುವವನ ಸಾವು ಪತ್ರಿಕೆಯಲ್ಲಿ ಬರಬೇಕಾದರೆ ಅವನು ಬಾವಿಯೊಳಗೇ ಸಾಯಬೇಕು. ನಮ್ಮ ಮೇಸ್ತ್ರಿಗಳು ವೇಣೂರಿನ ತಮ್ಮ ಮನೆಯ ಜಗಲಿಯಲ್ಲಿ, ಮಧ್ಯಾಹ್ನ ಗಂಜಿ ಉಂಡು ಚಾಪೆಯ ಮೇಲೆ ಮಲಗಿದವರು ಮತ್ತೆ ಏಳಲಿಲ್ಲ. ಹಾಗಾಗಿ ಎಲ್ಲೂ ಒಂದು ಸಾಲು ಬರಲಿಲ್ಲ. ಬಂಟ್ವಾಳದಲ್ಲಿ ಪಂಪುಸೆಟ್ಟು ರಿಪೇರಿಯ ಅಂಗಡಿ ಇಟ್ಟುಕೊಂಡಿರುವ ನನಗೆ ಸುದ್ದಿ ಮುಟ್ಟಿದ್ದು ಬಸ್ಸಿನ ಕಂಡಕ್ಟರನ ಬಾಯಿಯಿಂದ.

"ನಿಮ್ಮ ಆ ಬಾವಿ ಮೇಸ್ತ್ರಿ ಹೋದ್ರಲ್ಲ, ಗೊತ್ತುಂಟಾ? ಬೊಜ್ಜ ಕೂಡ ಆಯ್ತು" ಎಂದು ಚಿಲ್ಲರೆ ಕೊಡುತ್ತಾ ಹೇಳಿ ಸೀಟಿ ಊದಿದ. ಉತ್ತರಕ್ರಿಯೆಯೂ ಮುಗಿದ ಮೇಲೆ ಹೋಗಿ ಮಾಡುವುದಾದರೂ ಏನು? ಅಂಗಡಿಗೆ ಬಂದು ಸ್ಪ್ಯಾನರು ಹಿಡಿದರೆ ಕೈ ಓಡಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ, ಮೊದಲು ನನ್ನ ಮೇಲೆ, ಆಮೇಲೆ ಊರಿನ ಮೇಲೆ.

ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಈ ಮನುಷ್ಯ ತೋಡಿದ, ಹೂಳು ತೆಗೆದ ಬಾವಿಗಳ ನೀರು ಕುಡಿಯದವರು ಕಡಿಮೆ. ಅಷ್ಟು ವರ್ಷ ಭೂಮಿಯ ಹೊಟ್ಟೆಯೊಳಗೆ ಕೆಲಸ ಮಾಡಿಸಿದರೂ ಅವರ ಕೈಕೆಳಗೆ ಒಬ್ಬನೇ ಒಬ್ಬನೂ ಸಾಯಲಿಲ್ಲ. ಇದು ಸಣ್ಣ ಸಂಗತಿಯಾ? ನಮ್ಮಲ್ಲಿ ಬಸ್‌ಸ್ಟ್ಯಾಂಡಿಗೆ ಎರಡು ಸಿಮೆಂಟು ಬೆಂಚು ಕೊಟ್ಟವರಿಗೂ ಶಾಲು ಹೊದಿಸುತ್ತಾರೆ. ಜನ ಸಾಯದ ಹಾಗೆ ನೋಡಿಕೊಂಡವನಿಗೆ ಶಾಲು ಹೊದಿಸಿದ್ದನ್ನು ನಾನು ಕಂಡಿಲ್ಲ. ಏನೂ ಆಗದೆ ಇದ್ದದ್ದು ಯಾರ ಕಣ್ಣಿಗೂ ಕಾಣುವುದಿಲ್ಲವಲ್ಲ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದು ಬೇಸಗೆಯಿಡೀ ಆ ಹೆಸರನ್ನು ಸಿದ್ಧಕಟ್ಟೆಯ ಹೋಟೆಲುಗಳಲ್ಲಿ ಚಾದ ಜೊತೆ ಜಗಿದಿದ್ದಾರೆ. ಅಷ್ಟು ಸಾಕು. ಮೇಸ್ತ್ರಿಗಳು ಎಂದೇ ಕರೆಯುತ್ತೇನೆ.

ಗಿಡ್ಡ ಆಳು. ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ; ಸೊಂಟಕ್ಕೆ ಟವೆಲಿನಂಥ ಒಂದು ಬೈರಾಸು. ಎಷ್ಟು ಮಿಂದರೂ ಉಗುರಿನ ಸಂದಿಯ ಕೆಂಪು ಮಣ್ಣು ಹೋಗುತ್ತಿರಲಿಲ್ಲ. ಯಾವ ಬಾವಿಗೆ ಕರೆದರೂ ಮೊದಲು ಕಟ್ಟೆಯ ಮೇಲೆ ಹೊಟ್ಟೆ ಊರಿ ಬಗ್ಗಿ ಮೂಸುತ್ತಿದ್ದರು. ಹಾಲು ಕೆಟ್ಟಿದೆಯೋ ಎಂದು ಹೆಂಗಸರು ಚೆಂಬಿಗೆ ಮೂಗು ಹಿಡಿಯುತ್ತಾರಲ್ಲ, ಹಾಗೆ. ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸುವುದು. ಅದು ಕೆಳಗೆ ಹೋಗಿ ನಂದಿದರೆ ಆ ದಿನ ಯಾರೂ ಇಳಿಯುವಂತಿಲ್ಲ. ಸೊಪ್ಪು ತುಂಬಿದ ಮಾವಿನ ಗೆಲ್ಲೊಂದನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಮೇಲೆ ಕೆಳಗೆ, ಮೇಲೆ ಕೆಳಗೆ ಎಂದು ಆಡಿಸುತ್ತಿದ್ದರು. ಕೊಡಗಟ್ಟಲೆ ನೀರನ್ನು ಮೇಲಿನಿಂದ ರಪರಪನೆ ಚೆಲ್ಲಿಸುತ್ತಿದ್ದರು. ಸತ್ತ ಗಾಳಿ ಕದಲಬೇಕು, ಹೊಸ ಗಾಳಿ ಇಳಿಯಬೇಕು ಎಂಬುದು ಅವರ ಲೆಕ್ಕ.

ಇನ್ನೊಂದು ಕ್ರಮ ಇತ್ತು. ಅದನ್ನು ನಾನು ಬೇರೆ ಯಾವ ಬಾವಿ ಕೆಲಸದವರಲ್ಲೂ ಕಂಡಿಲ್ಲ. ಕೆಳಗೆ ಒಬ್ಬ, ಹಗ್ಗಕ್ಕೆ ಇಬ್ಬರು, ಇವರಲ್ಲದೆ ಬಾವಿಕಟ್ಟೆಯ ಮೇಲೆ ಇನ್ನೊಬ್ಬ. ಅವನ ಕೆಲಸ ಕೆಳಗಿನವನ ಹತ್ತಿರ ಮಾತಾಡುವುದು. ಬರೇ ಮಾತು. "ಎಂಚ ಉಂಡು ಮಾರಾಯ, ಹೇಗುಂಟು? ನಿನ್ನ ಎಮ್ಮೆ ಕರು ಹಾಕಿತಾ? ಮಾವನ ಕಾಲು ಗುಣ ಆಯ್ತಾ?" ಕೆಳಗಿನವನು ಪ್ರತಿ ಮಾತಿಗೂ ಉತ್ತರ ಕೊಡಬೇಕು, ಏನೂ ಇಲ್ಲದಿದ್ದರೆ "ಓ" ಎನ್ನಬೇಕು. ಎರಡು ಸಲ "ಓ" ಬರಲಿಲ್ಲವೋ, ಮತ್ತೆ ಕೇಳುವುದಿಲ್ಲ, ಎಳೆದು ಹಾಕುವುದೇ. ಒಮ್ಮೆ ಒಬ್ಬ ಆಳು ಹೆಂಡತಿಯ ವಿಷಯ ತೆಗೆದದ್ದಕ್ಕೆ ಮುನಿದು ಬಾಯಿ ಮುಚ್ಚಿಕೊಂಡು ಕೂತಿದ್ದನಂತೆ. ಅರ್ಧ ಬುಟ್ಟಿ ಕೆಸರಿನ ಸಮೇತ ಅವನನ್ನು ಮೇಲಕ್ಕೆ ಎಳೆದಿದ್ದರು.

ಹಣವುಳ್ಳವರಿಗೆ ಇದು ತಮಾಷೆ. "ಇವನು ಇಲ್ಲಿ ಎಂತಕ್ಕೆ? ಕೂತು ಪಟ್ಟಾಂಗ ಹೊಡೀಲಿಕ್ಕೆ ನಾನು ಒಂದು ಜನ ಇಡ್ಬೇಕಾ?" ಎಂದು ಕೇಳಿದವರನ್ನು ನಾನೇ ಕಂಡಿದ್ದೇನೆ.

ಮೇಸ್ತ್ರಿಗಳು ಮುಟ್ಟಾಳೆ ತೆಗೆದು ತಲೆ ಕೆರೆಯುತ್ತಾ ಹೇಳುತ್ತಿದ್ದರು: "ಹಾಗಾದ್ರೆ ನೀವೇ ಕೂತ್ಕೊಳ್ಳಿ ಧಣಿಗಳೇ. ಮಾತಾಡ್ಲಿಕ್ಕೆ ನಿಮಗೂ ಬರ್ತದಲ್ಲ."

ಮೂಡುಬಿದಿರೆಯಲ್ಲಿ ಒಬ್ಬರ ಮನೆಗೆ ಗೋಬರ್ ಗ್ಯಾಸಿನ ಗುಂಡಿ ಶುಚಿ ಮಾಡಲು ಕರೆದಿದ್ದರು. ಒಲೆಗೆ ಕೊಳವೆ ಜೋಡಿಸಲು ನಾನೂ ಹೋಗಿದ್ದೆ. ಮೇಸ್ತ್ರಿಗಳು ಮುಚ್ಚಳ ತೆಗೆಸಿ, ಸಗಣಿನೀರು ಖಾಲಿ ಮಾಡಿಸಿ, ಎರಡು ದಿನ ಹಾಗೇ ಬಿಡಿ ಎಂದರು. ಮನೆಯ ಹಿರಿಯರಿಗೆ ಕೋಪ ಬಂತು. "ಗೋಮಯ ಅಲ್ವಾ ಅದು? ನಾವು ಅದರಲ್ಲೇ ಮನೆ ಸಾರಿಸುವುದು. ಅದರಿಂದ ಕೇಡು ಆಗ್ತದಾ?"

"ಗೋಮಯವೇ, ಇಲ್ಲ ಅಂದವರಾರು? ಸಾರಿಸ್ಲಿಕ್ಕೆ ಒಳ್ಳೇದು. ಉಸಿರಾಡ್ಲಿಕ್ಕೆ ಆಗುವುದಿಲ್ಲ" ಎಂದರು ಮೇಸ್ತ್ರಿಗಳು. ಆ ಹಿರಿಯರ ಮುಖ ನೋಡಬೇಕಿತ್ತು. ಎರಡು ದಿನ ಗುಂಡಿಯ ಪಕ್ಕದಲ್ಲೇ ಮೇಸ್ತ್ರಿಗಳ ಠಿಕಾಣಿ. ನಾನೂ ಆ ದಿನ ಒಳಗೊಳಗೇ ನಕ್ಕಿದ್ದೆ. ಈ ಮುದುಕನಿಗೆ ಹೆದರಿಕೆಯ ಹುಚ್ಚು ಎಂದುಕೊಂಡಿದ್ದೆ.

ಈಗ ಪಂಪಿನ ವಿಷಯ ಹೇಳಬೇಕು. ಆಗ ನಮ್ಮ ಹಳ್ಳಿಗಳಿಗೆಲ್ಲ ಕರೆಂಟು ಬಂದಿರಲಿಲ್ಲ. ಬಂದಲ್ಲಿಯೂ ಬೇಕಾದಾಗ ಇರುತ್ತಿರಲಿಲ್ಲ. ಗದ್ದೆಗೆ ನೀರು ಎತ್ತುತ್ತಿದ್ದದ್ದು ಚಿಮಿಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ ಪಂಪು. ಪೆಟ್ರೋಲಿನಲ್ಲಿ ಸ್ಟಾರ್ಟು ಮಾಡಿ, ಎಂಜಿನು ಬಿಸಿಯಾದ ಮೇಲೆ ಚಿಮಿಣಿ ಎಣ್ಣೆಗೆ ತಿರುಗಿಸುವುದು. ಆ ಪಂಪು ಇಪ್ಪತ್ತು, ಇಪ್ಪತ್ತೈದು ಅಡಿಗಿಂತ ಕೆಳಗಿನ ನೀರನ್ನು ಎಳೆಯುವುದಿಲ್ಲ. ಬೇಸಗೆಯಲ್ಲಿ ನಮ್ಮ ಮುರಕಲ್ಲಿನ ಬಾವಿಗಳ ನೀರು ಅದಕ್ಕಿಂತ ಎಷ್ಟೋ ಕೆಳಗೆ ಹೋಗುತ್ತದೆ. ಅದಕ್ಕೆ ಎಲ್ಲರೂ ಮಾಡುತ್ತಿದ್ದ ಉಪಾಯ ಒಂದೇ. ಬಾವಿಯ ಗೋಡೆಯಲ್ಲಿ ಅರ್ಧಕ್ಕೆ ಕಲ್ಲು ಕಡಿದು ಮೆಟ್ಟಿಲಿನಂಥ ಜಾಗ ಮಾಡಿ, ಪಂಪನ್ನೇ ಹಗ್ಗದಲ್ಲಿ ಇಳಿಸಿ ಅಲ್ಲಿ ಕೂರಿಸುವುದು. ಹಾಗೆ ಇಳಿಸಿ ಕೂರಿಸುತ್ತಿದ್ದವನು ನಾನು. ನೀರು ಭರ್ರೆಂದು ಬರುವಾಗ ಮನೆಯವರ ಮುಖ ಅರಳುತ್ತಿತ್ತು. ನಾನೂ ದೊಡ್ಡ ಎಂಜಿನಿಯರನ ಹಾಗೆ ಕೈ ಒರಸಿಕೊಳ್ಳುತ್ತಿದ್ದೆ.

ಮೇಸ್ತ್ರಿಗಳು ಒಮ್ಮೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕೇಳಿದ್ದರು: "ಮೆಕ್ಯಾನಿಕ್ಕರೇ, ಆ ಎಂಜಿನಿನ ಹೊಗೆ ಎಲ್ಲಿಗೆ ಹೋಗ್ತದೆ?"

"ಎಲ್ಲಿಗೆ? ಮೇಲಕ್ಕೆ. ಹೊಗೆ ಮೇಲಕ್ಕಲ್ವಾ ಹೋಗುವುದು?"

"ಎಲ್ಲವೂ ಹೋಗ್ತದಾ?"

ನಾನು ನಕ್ಕು ಕಿಟಕಿಯ ಕಡೆ ತಿರುಗಿದೆ. ಐಟಿಐ ಸರ್ಟಿಫಿಕೇಟು ಕನ್ನಡಿ ಹಾಕಿಸಿ ಅಂಗಡಿಯಲ್ಲಿ ತೂಗು ಹಾಕಿದವನು ನಾನು. ಬಾವಿ ತೋಡುವವರಿಂದ ಹೊಗೆಯ ಪಾಠ ಕಲಿಯಬೇಕಾ?

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಗೆ. ಸಿದ್ಧಕಟ್ಟೆಯ ಹತ್ತಿರ ಒಬ್ಬ ಧಣಿಗಳ ಬಾವಿಗೆ ನಾನೇ ಪಂಪು ಇಳಿಸಿದ್ದೆ. ಕೆಲವು ವಾರದ ನಂತರ ನೀರು ಸರಿಯಾಗಿ ಬರುವುದು ನಿಂತಿತು. ತಳದ ಕೆಸರು ಪಂಪಿನ ಕೊಳವೆಯ ಬಾಯಿಗೆ ಕಚ್ಚಿತ್ತು. ಕೆಸರು ತೆಗೆಸದೆ ಬೇರೆ ದಾರಿ ಇರಲಿಲ್ಲ. ಬೇಸಗೆಯ ಕೊಳಕೆ ಬೆಳೆಯ ಗದ್ದೆ ನೀರಿಲ್ಲದೆ ಒಡೆಯುತ್ತಾ ಇತ್ತು. ಮೇಸ್ತ್ರಿಗಳಿಗೆ ಹೇಳಿಕಳಿಸಿದರು, ನನಗೂ ಹೇಳಿಕಳಿಸಿದರು. ನಾವು ಹೋಗಿ ಮುಟ್ಟುವ ಮೊದಲೇ, ಉಳಿದ ನೀರು ಖಾಲಿಯಾಗಲಿ ಎಂದು ಧಣಿಗಳು ಬೆಳಗ್ಗಿನಿಂದ ಎಂಜಿನು ಓಡಿಸಿದ್ದರು. ನಾನು ಹೋದ ಮೇಲೆ, ಎಂಜಿನಿಗೆ ಕಟ್ಟಿದ್ದ ದಾರವನ್ನು ಮೇಲಿನಿಂದಲೇ ಎಳೆದು ನಿಲ್ಲಿಸಿದೆವು.

ಮೇಸ್ತ್ರಿಗಳು ಬಗ್ಗಿ ಮೂಸಿದರು. ಎದ್ದು ನಿಂತು, "ಇವತ್ತು ಆಗುವುದಿಲ್ಲ. ಪಂಪು ಮೇಲೆ ತೆಗೀರಿ. ಬಾವಿ ಇವತ್ತು ಹಾಗೇ ಇರ್ಲಿ. ನಾಳೆ ಬೆಳಿಗ್ಗೆ ಗಾಳಿ ಆಡಿಸಿ ಇಳಿಯುವ" ಎಂದರು.

"ನಾಳೆಯಾ? ಗದ್ದೆ ನೋಡಿದ್ರಾ ನೀವು?" ಧಣಿಗಳ ದನಿ ಏರಿತು. "ನಿಮ್ಮದು ಆ ದೀಪದ ಶಾಸ್ತ್ರ ಉಂಟಲ್ಲ, ಮಾಡಿ ನೋಡಿ. ನಂದಿದ್ರೆ ನಾನು ಬಾಯಿ ಮುಚ್ತೇನೆ."

ಮೇಸ್ತ್ರಿಗಳು ಲಾಟೀನು ಹೊತ್ತಿಸಿ ಇಳಿಸಿದರು. ನಾವೆಲ್ಲ ಬಗ್ಗಿ ನೋಡಿದೆವು. ತಳದವರೆಗೆ ಹೋಯಿತು. ಉರಿಯುತ್ತಲೇ ಇತ್ತು.

"ಉರೀತಾ ಉಂಟಲ್ಲ! ಮತ್ತೆಂತ ಬೇಕು ನಿಮಗೆ?"

ಆಗ ನಾನು ಬಾಯಿ ಹಾಕಿದೆ. ಹಾಕದೆ ಇದ್ದಿದ್ದರೆ! "ದೀಪ ಉರೀತದೆ ಅಂದ್ರೆ ಗಾಳಿ ಉಂಟು ಅಂತಲೇ ಅರ್ಥ ಮೇಸ್ತ್ರಿಗಳೇ. ನಿಮ್ಮದೇ ಲೆಕ್ಕ ಅಲ್ವಾ?"

ಅವರು ನನ್ನ ಕಡೆ ತಿರುಗಿದರು. "ದೀಪ ನಂದಿದ್ರೆ ಇಳೀಬಾರ್ದು ಅಂತ ಹೇಳಿದ್ದೇನೆ. ಉರಿದ್ರೆ ಇಳೀಬಹುದು ಅಂತ ಯಾವತ್ತು ಹೇಳಿದೆ? ಇದು ಮಣ್ಣಿನ ಗಾಳಿ ಅಲ್ಲ, ನಿಮ್ಮ ಎಂಜಿನಿನ ಗಾಳಿ. ದೀಪಕ್ಕೆ ಇದರ ಗುರ್ತ ಇಲ್ಲ. ಬೆಳ್ತಂಗಡಿ ಕಡೆ ಇಂಥದ್ದೇ ಬಾವಿಯಿಂದ ಒಬ್ಬನನ್ನು ತೆಗೆದಿದ್ದೇನೆ ನಾನು. ಅವನು ಸತ್ತಿದ್ದ. ಪಕ್ಕದಲ್ಲಿ ಅವನ ಲಾಟೀನು ಉರೀತಾನೇ ಇತ್ತು."

ಇಷ್ಟು ಸ್ಪಷ್ಟವಾಗಿ ಒಬ್ಬ ಮನುಷ್ಯ ಹೇಳಿದ ಮೇಲೆ ಇನ್ನೇನು ಬೇಕಿತ್ತು ನಮಗೆ? ಆದರೆ ಹೇಳಿದವರ ಮೈಮೇಲೆ ಅಂಗಿ ಇರಲಿಲ್ಲ. ಅಂಗಿ ಹಾಕಿದವನು ನಾನು. ಧಣಿಗಳು ನನ್ನ ಮುಖ ನೋಡಿದರು. "ಹೆದರಿಕೆ ಇದ್ದವರು ಮನೆಗೆ ಹೋಗ್ಲಿ. ನಮ್ಮ ಐತಪ್ಪ ಇದ್ದಾನೆ" ಎಂದರು.

ಐತಪ್ಪ ಅವರ ಮನೆಯ ಕೆಲಸದಾಳು. ಅವನ ತಮ್ಮ ಬಾಬು ಕೂಡ ಅಲ್ಲಿಯೇ ಕೆಲಸಕ್ಕಿದ್ದ. ಐತಪ್ಪ ಬೈರಾಸನ್ನು ಬಿಗಿದು ಕಟ್ಟಿ, ಬಾವಿಕಟ್ಟೆ ಹತ್ತಿ, ನನ್ನನ್ನು ಕೇಳಿದ: "ಏನೂ ಆಗ್ಲಿಕ್ಕಿಲ್ಲ ಅಲ್ವಾ ಅಣ್ಣೇರೇ?"

"ಏನಾಗ್ತದೆ? ಇಳಿ" ಎಂದೆ.

ಮೇಸ್ತ್ರಿಗಳು ಅವನ ಕೈ ಹಿಡಿದು, ಹಗ್ಗವನ್ನಾದರೂ ಕಟ್ಟಿಕೋ ಎಂದರು. ಧಣಿಗಳು ಅಲ್ಲೇ ನಿಂತಿದ್ದರಲ್ಲ, ಐತಪ್ಪ ನಾಚಿಕೆಯಿಂದ ನಕ್ಕು ಕೈ ಬಿಡಿಸಿಕೊಂಡ. ಗೋಡೆಯಲ್ಲಿ ಕಡಿದ ಮೆಟ್ಟಿಲುಗಳನ್ನು ಹಿಡಿದು ಸರಸರನೆ ಇಳಿದ. ಕೆಳಗೆ ಸಲಿಕೆಯ ಸದ್ದು ನಾಲ್ಕು ಸಲ ಕೇಳಿಸಿತು. ಆಮೇಲೆ ಇಲ್ಲ. ಬಾಬು ಕರೆದ. "ಓ" ಬರಲಿಲ್ಲ. ಮೇಸ್ತ್ರಿಗಳು "ತಡಿ, ತಡಿಯಾ" ಎಂದು ಓಡಿಬರುವಷ್ಟರಲ್ಲಿ ಬಾಬು ಅಣ್ಣಾ ಎಂದು ಕೂಗುತ್ತಾ ಇಳಿದೇಬಿಟ್ಟಿದ್ದ. ಪಂಪಿನ ಹತ್ತಿರ ಮುಟ್ಟಿದವನು ಅದರ ಮೇಲೆಯೇ ಕವುಚಿ ಬಿದ್ದ.

ಗದ್ದೆಯಿಂದ ಓಡಿಬಂದ ಇನ್ನಿಬ್ಬರು ಬಾವಿಕಟ್ಟೆಗೆ ಕಾಲು ಹಾಕಿದ್ದರು. ಮೇಸ್ತ್ರಿಗಳು ಮೂಲೆಯಲ್ಲಿದ್ದ ದೊಣ್ಣೆ ಹಿಡಿದು ಕಟ್ಟೆಯ ಮೇಲೆ ಹತ್ತಿ ನಿಂತರು. "ಇನ್ನೊಬ್ಬ ಇಳಿದ್ರೆ ಕಾಲು ಮುರೀತೇನೆ! ಹೆಣ ಎಷ್ಟು ಬೇಕು ನಿಮಗೆ? ನೀರು ಹೊಯ್ಯಿರಿ, ನೀರು! ಗೆಲ್ಲು ಕಡೀರಿ!" ಒಬ್ಬನ ಮೊಣಕಾಲಿಗೆ ಪೆಟ್ಟು ಬಿದ್ದದ್ದು ನಿಜ. ಮೇಸ್ತ್ರಿಗಳ ಆಳುಗಳು ನೆರೆಮನೆಯ ಬಾವಿಯಿಂದ ಕೊಡ ಕೊಡ ನೀರು ತಂದು ಚೆಲ್ಲಿದರು. ಮಾವಿನ ಗೆಲ್ಲು ಮೇಲೆ ಕೆಳಗೆ ಆಡಿತು. ಹತ್ತು ನಿಮಿಷ ಆಗಿರಬಹುದು. ಐತಪ್ಪನ ಹೆಂಡತಿ ಮಣ್ಣಿನಲ್ಲಿ ಹೊರಳುತ್ತಾ ಇದ್ದಳು. ಧಣಿಗಳು, ಹೌದು, ಆ ಧಣಿಗಳೇ, "ಕೊಲೆಗಡುಕ, ಬಿಡು ಅವರನ್ನು, ಇಳೀಲಿ" ಎಂದು ಅರಚುತ್ತಾ ಇದ್ದರು. ನಾನು ಒಂದು ಕೊಡವನ್ನೂ ಎತ್ತಲಿಲ್ಲ.

ಆಮೇಲೆ ಮೇಸ್ತ್ರಿಗಳು ಕಂಕುಳಿನ ಕೆಳಗೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ತೆಂಗಿನ ಮರಕ್ಕೆ ಸುತ್ತಿಸಿ, ತಾವೇ ಇಳಿದರು. ಬೇರೆ ಯಾರನ್ನೂ ಕಳಿಸಲಿಲ್ಲ. ಬಾಬುವನ್ನು ಕಟ್ಟಿ ಕಳಿಸಿದರು, ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಇಳಿದು ಐತಪ್ಪನನ್ನು ಕಟ್ಟಿ ಕಳಿಸಿದರು. ಎರಡನೆಯ ಸಲ ಹತ್ತಿದವರು ಕಟ್ಟೆಯ ಬುಡದಲ್ಲೇ ಕಾರಿಕೊಂಡು ಬಿದ್ದರು. ಬಾಬುವಿಗೆ ಉಸಿರಿತ್ತು. ಜೀಪಿನಲ್ಲಿ ಬಂಟ್ವಾಳಕ್ಕೆ ಸಾಗಿಸಿದರು, ಬದುಕಿದ. ಐತಪ್ಪನನ್ನು ಯಾವ ಜೀಪಿಗೂ ಹತ್ತಿಸುವುದಿರಲಿಲ್ಲ.

ಪೊಲೀಸರು ಬಂದರು, ಮಹಜರು ಬರೆದರು. ಬರೆದದ್ದು ಏನು ಗೊತ್ತುಂಟಾ? ಕೆಸರು ತೆಗೆಯಲು ಇಳಿಯುವಾಗ ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾನೆ. ಮನೆಯ ಮೆಟ್ಟಿಲಿನ ಹಾಗೆ ಬಾವಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ಐತಪ್ಪನ ಕಾಲು ಜಾರಿತಂತೆ! ಪಂಪಿನ ಸುದ್ದಿ ಒಂದಕ್ಷರ ಇಲ್ಲ. ಪಂಚರ ಸಹಿ ಬೇಕು ಎಂದರು. ಓದು ಬರಹ ಬಲ್ಲವನು, ಅಂಗಿ ಹಾಕಿದವನು, ನಾನು. ಧಣಿಗಳ ಜಗಲಿಯಲ್ಲಿ ಕೂತು, ಅವರ ಮನೆಯ ಕಾಫಿ ಕುಡಿದು, ಸಹಿ ಹಾಕಿದೆ. ಪಂಪಿನ ವಿಷಯ ಬಂದರೆ ಇಳಿಸಿದವನು ಯಾರು ಎಂಬ ಪ್ರಶ್ನೆಯೂ ಬರುತ್ತದಲ್ಲ. ಥೂ ನನ್ನ ಜನ್ಮಕ್ಕೆ.

ಊರು ಬೇರೆಯೇ ಒಂದು ಮಹಜರು ಬರೆಯಿತು. ಮುದುಕ ದೊಣ್ಣೆ ಹಿಡಿದು ಅಡ್ಡ ನಿಲ್ಲದಿದ್ದರೆ ಐತಪ್ಪ ಬದುಕುತ್ತಿದ್ದ. ಹೋಟೆಲಿನಲ್ಲಿ ಇದೇ ಮಾತು, ಬಸ್ಸಿನಲ್ಲಿ ಇದೇ ಮಾತು. ಮೊಣಕಾಲಿಗೆ ಪೆಟ್ಟು ತಿಂದವನು ಕುಂಟಿ ತೋರಿಸುತ್ತಿದ್ದ. ದೊಣ್ಣೆ ಇಲ್ಲದಿದ್ದರೆ ಇವನೂ ಬಾವಿಯಲ್ಲಿ ಇರುತ್ತಿದ್ದ ಎಂದು ಒಬ್ಬನಾದರೂ ಹೇಳಬೇಡವೇ? ಮೇಸ್ತ್ರಿಗಳನ್ನು ಕೆಲಸಕ್ಕೆ ಕರೆಯುವುದು ನಿಂತಿತು. ಅವರ ಆಳುಗಳು ಬೇರೆಯವರ ಜೊತೆ ಹೋದರು. ನಾನು ಎಲ್ಲವನ್ನೂ ಕೇಳುತ್ತಾ ಚಾ ಕುಡಿದೆ.

ಒಂದು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಮೇಸ್ತ್ರಿಗಳು ನನ್ನ ಅಂಗಡಿಯ ಮೆಟ್ಟಿಲಿನಲ್ಲಿ ಬಂದು ಕೂತರು. ಆ ದಿನದ ನಂತರ ಅವರಿಗೆ ತಲೆನೋವು ಬಿಟ್ಟಿರಲಿಲ್ಲ, ಹಣೆಗೆ ಬೈರಾಸು ಬಿಗಿದಿದ್ದರು. ನನಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಕೊನೆಗೆ ನಾನೇ ಹೇಳಿದೆ: "ಮೇಸ್ತ್ರಿಗಳೇ, ಆ ಕಾಗದಕ್ಕೆ ನಾನು ಸಹಿ ಹಾಕಬಾರ್ದಿತ್ತು."

"ಅದು ಬಿಡಿ. ಬೇಕಾದಷ್ಟು ಕಾಗದ ಉಂಟು ಊರಲ್ಲಿ" ಎಂದರು. "ಆ ಪಂಪು ಮೇಲೆ ತಂದ್ರಾ? ಅದು ಕೇಳ್ಲಿಕ್ಕೆ ಬಂದದ್ದು ನಾನು."

ನಾನು ಸ್ಪ್ಯಾನರು ಒರಸತೊಡಗಿದೆ.

"ತರ್ಲಿಲ್ವಾ?"

ತಂದಿದ್ದೆ. ತಂದು, ತೊಳೆದು, ಹೊಸ ವಾಷರು ಹಾಕಿ, ಬೇರೆಯವರು ಕೆಸರು ತೆಗೆದ ಮೇಲೆ ಎಂಟನೆಯ ದಿನ ಅದೇ ಬಾವಿಯ ಅದೇ ಜಾಗದಲ್ಲಿ ಕೂರಿಸಿಯೂ ಬಂದಿದ್ದೆ. ಐತಪ್ಪನ ಕಾಲು ಜಾರಿದ್ದೆಂದು ನಾನೇ ಸಹಿ ಹಾಕಿದ ಮೇಲೆ ಪಂಪಿನದೇನು ತಪ್ಪು? ಇಷ್ಟನ್ನು ಸ್ಪ್ಯಾನರು ನೋಡುತ್ತಾ ಹೇಳಿದೆ.

"ಈಗ ಅದನ್ನು ಸ್ಟಾರ್ಟು ಮಾಡ್ಲಿಕ್ಕೆ ಇಳಿಯುವುದು ಯಾರು?"

"ಬಾಬು."

ಅವರು ಹಣೆಯ ಬೈರಾಸನ್ನು ಬಿಚ್ಚಿ ಮತ್ತೆ ಬಿಗಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಯಾರನ್ನು ಬದುಕಿಸಿದ್ದಕ್ಕೆ ಕೆಲಸ ಹೋಯಿತೋ, ಹೆಸರು ಹೋಯಿತೋ, ಅವನನ್ನೇ ನಾವು ದಿನಾ ಅದೇ ಬಾವಿಗೆ ಇಳಿಸುತ್ತಿದ್ದೆವು. ಗೋಡೆ ಹಿಡಿದುಕೊಂಡು ಅವರು ಎದ್ದರು.

"ಬನ್ನಿ, ಹೋಗುವ" ಎಂದರು.

ಸಿದ್ಧಕಟ್ಟೆಯಲ್ಲಿ ಬಸ್ಸಿಳಿದು ಗದ್ದೆಯ ಬದು, ಹುಣಿಯ ಮೇಲೆ ನಡೆದೆವು. ದೂರದಿಂದಲೇ ಬಾವಿಯೊಳಗಿನ ಎಂಜಿನಿನ ಸದ್ದು ಕೇಳಿಸುತ್ತಿತ್ತು. ನಾವು ಅಂಗಳಕ್ಕೆ ಮುಟ್ಟುವಾಗ ಎಣ್ಣೆ ಮುಗಿದು ಅದು ಗೊರಗೊರ ಎಂದು ನಿಂತಿತು. ದಿನಾ ಬೆಳಿಗ್ಗೆ ಹಾಕಿದ ಎಣ್ಣೆ ಮುಗಿಯುವ ಹೊತ್ತು ಅದು. ಚಿಮಿಣಿ ಎಣ್ಣೆಯ ಡಬ್ಬಿ ಹಿಡಿದು ಬಾಬು ಬಾವಿಕಟ್ಟೆಯ ಹತ್ತಿರ ಬಂದ. ಮೈ ಇಳಿದುಹೋಗಿತ್ತು. ಮೇಸ್ತ್ರಿಗಳನ್ನು ಕಂಡು ಮುಟ್ಟಾಳೆ ತೆಗೆದ.

"ಇಳೀಬೇಡ ಬಾಬು" ಎಂದರು ಮೇಸ್ತ್ರಿಗಳು.

ಜಗಲಿಯಿಂದ ಧಣಿಗಳು ಎದ್ದು ಬಂದರು. "ಯಾರು ಕರೆದದ್ದು ಈ ಮನುಷ್ಯನನ್ನು? ಅರ್ಧ ಗದ್ದೆಗೆ ನೀರು ಮುಟ್ಟಿಲ್ಲ, ಇವತ್ತು ಇನ್ನೊಮ್ಮೆ ಓಡಿಸ್ಬೇಕು. ನೀನು ಇಳಿ ಬಾಬು. ಮೆಕ್ಯಾನಿಕ್ಕರೇ ಬಂದಿದ್ದಾರಲ್ಲ, ಸಂಶಯ ಇದ್ರೆ ಅವರನ್ನೇ ಕೇಳು."

ಬಾಬು ಒಂದು ಕಾಲು ಕಟ್ಟೆಯ ಮೇಲಿಟ್ಟು ಮೇಸ್ತ್ರಿಗಳನ್ನು ನೋಡಿದ, ಧಣಿಗಳನ್ನು ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

"ಇಳೀಬಹುದಾ ಅಣ್ಣೇರೇ?"

ಧಣಿಗಳು ಕಾದಿದ್ದರು. ಮೇಸ್ತ್ರಿಗಳು ನನ್ನ ಮುಖ ನೋಡಲೇ ಇಲ್ಲ, ನೆಲ ನೋಡುತ್ತಾ ನಿಂತಿದ್ದರು.

"ಬೇಡ, ಇಳೀಬೇಡ. ನಿನ್ನ ಅಣ್ಣನನ್ನು ಕೊಂದದ್ದು ಈ ಪಂಪು. ಇಟ್ಟವನು ನಾನು" ಎಂದೆ. ಐತಪ್ಪನ ಹೆಂಡತಿ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಅವಳು ಈ ಮಾತನ್ನು ಕೇಳಿದ್ದು ಅದೇ ಮೊದಲು.